ಮುಖ ನೋಡಿ ಮಣೆ ಹಾಕುವ ಪುಸ್ತಕಗಳು

ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಚ್ ಹಾಫ್‌ಮನ್ 1844ರ ಕ್ರಿಸ್‌ಮಸ್ ಹೊತ್ತಿಗೆ ತಮ್ಮ ಮೂರು ವರ್ಷದ ಮಗನಿಗೊಂದು ಚಿತ್ರಪುಸ್ತಕ ತರೋಣವೆಂದು ಅಂಗಡಿ ಸುತ್ತಿದರು. ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ. ಕೊನೆಗೆ ಒಂದು ಖಾಲಿ ನೋಟುಬುಕ್ಕನ್ನೇ ಕೊಂಡು ತಂದು, ತಾವೇ ಪದ್ಯ ಕಟ್ಟಿ, ಚಿತ್ರ ಬರೆದು ಮಗನ ಕೈಗಿತ್ತರು. ಮರುವರ್ಷ ಅಚ್ಚಾದ ಆ ಪುಸ್ತಕ ಮುಂದೆ ‘ಸ್ಟ್ರುವೆಲ್‌ಪೀಟರ್’ ಎಂಬ ಹೆಸರಿನಲ್ಲಿ ಯುರೋಪಿನ ಮನೆಮನೆಗೂ ಹೋಯಿತು. ಅದರಲ್ಲೊಂದು ಕಥೆ ಹೀಗಿದೆ. ಕಪ್ಪು ಹುಡುಗನೊಬ್ಬ ಬಿಸಿಲಿಗೆ ಕೊಡೆ ಹಿಡಿದು ತನ್ನ ಪಾಡಿಗೆ ತಾನು ನಡೆದು ಹೋಗುತ್ತಿದ್ದಾನೆ. ಬಾವುಟ ಹಿಡಿದವನೊಬ್ಬ, ತಿಂಡಿ ಹಿಡಿದವನೊಬ್ಬ, ಗಾಲಿ ಓಡಿಸುವವನೊಬ್ಬ, ಹೀಗೆ ಮೂವರು ಬಿಳಿಯ ಹುಡುಗರು ಅವನ ಬೆನ್ನುಬಿದ್ದು ಮೈಬಣ್ಣವನ್ನು ಆಡಿಕೊಳ್ಳುತ್ತಾರೆ. ದೊಡ್ಡದೊಂದು ಮಸಿಕುಡಿಕೆ ಇಟ್ಟುಕೊಂಡ ಎತ್ತರದ ಆಳು ನಿಕೊಲಸ್ ಬೇಡವೆಂದು ಗದರುತ್ತಾನೆ. ಹುಡುಗರು ಕೇಳುವುದಿಲ್ಲ. ಸಿಟ್ಟೆದ್ದ ನಿಕೊಲಸ್ ಮೂವರನ್ನೂ ಎತ್ತಿ ಮಸಿಯಲ್ಲಿ ಮುಳುಗಿಸುತ್ತಾನೆ. ಕೊನೆಯ ಚಿತ್ರದಲ್ಲಿ ಆ ಹುಡುಗನ ಹಿಂದೆ ಅವನಿಗಿಂತಲೂ ಕಪ್ಪಾದ ಮೂರು ಆಕೃತಿಗಳು ಸಾಲಾಗಿ ನಡೆಯುತ್ತವೆ.

ಗುಲಾಮಗಿರಿ ಇನ್ನೂ ಅಮೆರಿಕದ ಕಾನೂನಾಗಿದ್ದ ಕಾಲದಲ್ಲಿ, ಬಣ್ಣ ನೋಡಿ ನಗಬಾರದು ಎಂದು ಮೂರು ವರ್ಷದ ಮಗುವಿಗೆ ಹೇಳಬೇಕೆನಿಸಿದ್ದು ಸಣ್ಣ ಮಾತಲ್ಲ. ಹಾಫ್‌ಮನ್ನರ ಒಳ್ಳೆಯತನದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಶಿಕ್ಷೆ ಏನೆಂದು ನೋಡಿ. ಕಪ್ಪಾಗುವುದೇ ಶಿಕ್ಷೆ! ಅಕ್ಷರ ಹೇಳುವ ಪಾಠ ಒಂದು, ಚಿತ್ರ ಹೇಳುವ ಪಾಠ ಅದಕ್ಕೆ ತದ್ವಿರುದ್ಧ. ಆಡಿಕೊಂಡ ಮೂವರಿಗೂ ಹೆಸರುಂಟು. ಅವಮಾನ ಉಂಡವನಿಗೆ ಹೆಸರೂ ಇಲ್ಲ, ಮಾತೂ ಇಲ್ಲ. ಚಿತ್ರಪುಸ್ತಕವೆಂಬ ಪ್ರಕಾರದ ತೊಡಕು ಇಲ್ಲಿಯೇ ಇದೆ. ಮುಖ ನೋಡಿ ಮಣೆ ಹಾಕಬೇಡ ಎಂದು ಹೇಳಲು ಅದಕ್ಕಿರುವ ಸಾಧನ ಮುಖವೊಂದೇ. ಈ ಬಗೆಯ ಪುಸ್ತಕಗಳ ನೂರೆಂಬತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ನೀತಿಯನ್ನು ಬಾಯಿಬಿಟ್ಟು ಹೇಳಿದವು ಹೆಚ್ಚಾಗಿ ಚಿತ್ರದಲ್ಲಿ ಎಡವಿವೆ. ನೀತಿಯ ಗೋಜಿಗೇ ಹೋಗದೆ ಯಾರನ್ನು ಬರೆಯಬೇಕು, ಹೇಗೆ ಬರೆಯಬೇಕು ಎಂಬುದನ್ನಷ್ಟೇ ಯೋಚಿಸಿದವು ಗೆದ್ದಿವೆ. ನನ್ನ ವಾದ ಇಷ್ಟೇ.

ಹೊರನೋಟವನ್ನು ನಂಬಬೇಡ ಎನ್ನುವ ಕಥೆಗಳು ನಮಗೇನೂ ಹೊಸವಲ್ಲ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯಲ್ಲಿ ಅಂಥವು ಬೇಕಾದಷ್ಟಿವೆ. ನೀಲಿ ತೊಟ್ಟಿಗೆ ಬಿದ್ದ ನರಿ, ಹುಲಿಯ ಚರ್ಮ ಹೊದ್ದ ಕತ್ತೆ, ತಪಸ್ವಿಯಂತೆ ನಿಂತ ಬಕ, ಇವುಗಳನ್ನು ಕೇಳದೆ ಬೆಳೆದ ಮಗು ಕಡಿಮೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯದೂ ಅದೇ ಮಾತು. ಆದರೆ ಇವು ಕಲಿಸುವುದು ಎಚ್ಚರಿಕೆಯನ್ನು. ಚೆನ್ನಾಗಿ ಕಂಡವನನ್ನು ನಂಬಿ ಮೋಸಹೋಗಬೇಡ ಎನ್ನುವುದು ಒಂದು ಬುದ್ಧಿ. ಕೆಟ್ಟದಾಗಿ ಕಂಡವನನ್ನು ದೂರ ಇಟ್ಟು ನೋಯಿಸಬೇಡ ಎನ್ನುವುದು ಬೇರೆಯೇ ಬುದ್ಧಿ. ಮೊದಲನೆಯದು ತನ್ನ ರಕ್ಷಣೆಯದು, ಎರಡನೆಯದು ಇನ್ನೊಬ್ಬರ ನೋವಿನದು. ಎರಡನೆಯದು ಮಕ್ಕಳ ಪುಸ್ತಕದ ಮುಖ್ಯ ಕಾಳಜಿಯಾದದ್ದು ಇತ್ತೀಚಿನ ಕಾಲದಲ್ಲಿ. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ನರ ‘ಕುರೂಪಿ ಬಾತುಕೋಳಿ ಮರಿ’ 1843ರದ್ದು. ಅದನ್ನು ಈ ಸಾಲಿನ ಮೊದಲ ಹೆಜ್ಜೆ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಆ ಮರಿಗೆ ಮರ್ಯಾದೆ ಸಿಗುವುದು ಅದು ಹಂಸವಾದ ಮೇಲೆ. ಬಾತುಕೋಳಿಯಾಗಿಯೇ, ಕುರೂಪಿಯಾಗಿಯೇ ಉಳಿದಿದ್ದರೆ ಅಂಗಳದವರು ಕುಕ್ಕುವುದನ್ನು ಬಿಡುತ್ತಿದ್ದರೇ?

ಚಿತ್ರ ಮತ್ತು ಮಾತಿನ ಈ ಜಗಳಕ್ಕೆ ಅತ್ಯಂತ ಸ್ಪಷ್ಟ ಸಾಕ್ಷಿ ನಮ್ಮ ನೆಲದಲ್ಲಿ ಹುಟ್ಟಿದ ಒಂದು ಪುಸ್ತಕ. ಹೆಲೆನ್ ಬ್ಯಾನರ್ಮನ್ ಸ್ಕಾಟ್ಲೆಂಡಿನವರು. ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ ಪತಿಯೊಂದಿಗೆ ಮದರಾಸು, ಮುಂಬಯಿಗಳಲ್ಲಿ ಸುಮಾರು ಮೂವತ್ತು ವರ್ಷ ಕಳೆದವರು. ಬೆಟ್ಟದ ತಂಪಿನಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟು ಮದರಾಸಿಗೆ ಮರಳುವ ರೈಲಿನಲ್ಲಿ ಅವರಿಗಾಗಿ ಕಥೆಯೊಂದನ್ನು ಹೊಸೆದರು. 1899ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಲಿಟಲ್ ಬ್ಲ್ಯಾಕ್ ಸ್ಯಾಂಬೊ’ ಅದೇ. ಹೊಸ ಅಂಗಿ, ಜೋಡು, ಹಸಿರು ಕೊಡೆಗಳನ್ನು ಒಂದೊಂದಾಗಿ ಹುಲಿಗಳಿಗೆ ಕೊಟ್ಟು ಜೀವ ಉಳಿಸಿಕೊಳ್ಳುವ ಹುಡುಗ. ನಾನೇ ಚೆಂದ ಎಂದು ಕಿತ್ತಾಡುತ್ತ ಮರದ ಸುತ್ತ ಓಡಿ ಓಡಿ ಕರಗಿ ತುಪ್ಪವಾಗುವ ಹುಲಿಗಳು. ಆ ತುಪ್ಪದಲ್ಲಿ ಅಮ್ಮ ಕರಿದ ದೋಸೆಗಳು. ಕಥೆಯಲ್ಲಿ ಹುಡುಗನೇ ಜಾಣ, ಅವನೇ ನಾಯಕ. ಹುಲಿ, ತುಪ್ಪ, ಬಜಾರು ಎಲ್ಲವೂ ಇಲ್ಲಿಯವು. ಆದರೆ ಹೆಸರುಗಳು ಮಾತ್ರ ಅಮೆರಿಕದಲ್ಲಿ ಕರಿಯರನ್ನು ಹೀಯಾಳಿಸಲು ಬಳಸುತ್ತಿದ್ದ ಬಗೆಯವು, ಮತ್ತು ಚಿತ್ರಗಳಲ್ಲಿ ದಪ್ಪ ತುಟಿ, ಅರಳಿದ ಕಣ್ಣು. ಬ್ಯಾನರ್ಮನ್ನರ ಹಕ್ಕುಸ್ವಾಮ್ಯ ಐದು ಪೌಂಡಿಗೆ ಕೈಬಿಟ್ಟು ಹೋದದ್ದರಿಂದ ಪುಸ್ತಕದ ಮೇಲೆ ಅವರಿಗೆ ಹಿಡಿತ ಉಳಿಯಲಿಲ್ಲ. ಅಮೆರಿಕದ ಪ್ರಕಾಶಕರು ಕಂಡಕಂಡ ಕಲಾವಿದರಿಂದ ಇನ್ನೂ ವಿಕಾರವಾದ ಚಿತ್ರ ಬರೆಸಿ ಮಾರಿದರು. ಬಿಳಿಯ ಮಗುವಿಗೆ ತಮಾಷೆಯಾಗಿ ಕಾಣುವ ಇಂಥ ಚಿತ್ರ ಈಗಾಗಲೇ ನೊಂದ ಕರಿಯ ಮಗುವಿಗೆ ಇನ್ನೊಂದು ಪೆಟ್ಟು ಎಂದು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1932ರಲ್ಲಿಯೇ ಬರೆದರು.

ಮುಂದಿನದು ಇನ್ನೂ ಕುತೂಹಲದ್ದು. 1996ರಲ್ಲಿ ಫ್ರೆಡ್ ಮಾರ್ಸೆಲಿನೊ ಎಂಬ ಕಲಾವಿದ ಬ್ಯಾನರ್ಮನ್ನರ ಪಠ್ಯವನ್ನು ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡು, ಹುಡುಗನಿಗೆ ಬಾಬಾಜಿ ಎಂದು, ತಂದೆತಾಯಿಗೆ ಪಾಪಾಜಿ, ಮಾಮಾಜಿ ಎಂದು ಹೆಸರಿಟ್ಟು, ಚಿತ್ರಗಳನ್ನು ಭಾರತಕ್ಕೆ ಮರಳಿಸಿದರು. ಅದೇ ವರ್ಷ ಜೂಲಿಯಸ್ ಲೆಸ್ಟರ್ ಮತ್ತು ಜೆರ್ರಿ ಪಿಂಕ್ನಿ ಎಂಬ ಇಬ್ಬರು ಆಫ್ರಿಕನ್-ಅಮೆರಿಕನ್ನರು ಆ ಕಥೆಯನ್ನು ತಮ್ಮದೇ ಧಾಟಿಯಲ್ಲಿ ಮರುಕಟ್ಟಿದರು. ಲೆಸ್ಟರ್ ಮಾತನ್ನೂ ಬದಲಿಸಿದರು, ಆ ಪುಸ್ತಕ ಬೇರೆ. ಮಾರ್ಸೆಲಿನೊ ಪುಸ್ತಕ ಮಾತ್ರ ಪ್ರಯೋಗಶಾಲೆಯಲ್ಲಿ ಮಾಡಿದಂಥ ಪರೀಕ್ಷೆ. ಕಥೆ ಅದೇ, ಹುಲಿ ಅದೇ, ತುಪ್ಪ ಅದೇ; ಹೆಸರು ಮತ್ತು ಮುಖ ಬದಲಾದವು, ಪುಸ್ತಕದ ಅವಮಾನ ಹೊರಟುಹೋಯಿತು. ಹಾಗಾದರೆ ನಂಜು ಇದ್ದದ್ದು ಎಲ್ಲಿ ಎಂದು ಬೇರೆ ಹೇಳಬೇಕಿಲ್ಲ.

ಮುಖದ ವಿಷಯದಲ್ಲಿ ಜಾಣತನ ತೋರಿದ ಮೊದಲ ದೊಡ್ಡ ಪುಸ್ತಕ ಎಂದು ನಾನು ಎಣಿಸುವುದು 1936ರ ‘ದ ಸ್ಟೋರಿ ಆಫ್ ಫರ್ಡಿನೆಂಡ್’ ಅನ್ನು. ಬರಹ ಮನ್ರೊ ಲೀಫ್, ಚಿತ್ರ ರಾಬರ್ಟ್ ಲಾಸನ್. ಬೆಂಡಿನ ಮರದ ಕೆಳಗೆ ಕೂತು ಹೂವಿನ ವಾಸನೆ ನೋಡುವುದೆಂದರೆ ಪ್ರಾಣವೆನ್ನುವ ಒಂದು ಸ್ಪೇನಿನ ಹೋರಿ. ಬೆಂಡಿನ ಮರವೆಂದರೆ ಲಾಸನ್ ಕೊಂಬೆಗಳಲ್ಲಿ ಹಣ್ಣಿನ ಗೊಂಚಲಿನ ಹಾಗೆ ಬಾಟಲಿಯ ಬಿರಡೆಗಳನ್ನೇ ನೇತುಹಾಕಿದ್ದಾರೆ. ಆ ಕುಚೋದ್ಯವನ್ನು ದೊಡ್ಡವರು ಗಮನಿಸುವ ಮೊದಲು ಮಕ್ಕಳು ಗಮನಿಸುತ್ತಾರೆ. ಕಾಳಗಕ್ಕೆ ಹೋರಿ ಆರಿಸಲು ಐವರು ಬಂದ ದಿನ ಫರ್ಡಿನೆಂಡ್ ದುಂಬಿಯ ಮೇಲೆ ಕೂತುಬಿಡುತ್ತದೆ. ಕುಟುಕಿದ ಉರಿಗೆ ಗುಟುರು ಹಾಕಿ ನೆಗೆದದ್ದನ್ನು ಕಂಡವರು ಇದೇ ಎಲ್ಲಕ್ಕಿಂತ ಉಗ್ರ ಹೋರಿ ಎಂದು ಹಿಡಿದೊಯ್ಯುತ್ತಾರೆ. ಮೈ ದೊಡ್ಡದು, ಕೋಡು ಚೂಪು, ಆ ಕ್ಷಣದ ಅವತಾರ ಭಯಂಕರ, ತೀರ್ಪು ಆಗಿಹೋಯಿತು. ಅಖಾಡದಲ್ಲಿ ಅದು ಹೆಂಗಸರ ಮುಡಿಯ ಹೂವಿನ ಕಂಪಿಗೆ ಸುಮ್ಮನೆ ಕೂತುಬಿಡುತ್ತದೆ. ಮರಳಿ ಊರಿಗೆ, ಅದೇ ಮರದ ಕೆಳಗೆ. ನೋಟ ನೋಡಿ ಅಳೆಯಬಾರದು ಎಂಬ ಮಾತು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಆದರೂ ಕಾದಾಡಲು ಒಲ್ಲದ ಹೋರಿಯ ಈ ಕಥೆಯನ್ನು ಸ್ಪೇನಿನ ಫ್ರಾಂಕೊ ಆಡಳಿತ ನಿಷೇಧಿಸಿತು, ನಾಜಿಗಳಿಗೂ ಅದು ಆಗಿಬರಲಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಪುಣ್ಯಕೋಟಿ ನೆನಪಾಗದೆ ಇರಲಾರಳು. ಗೋವಿನ ಹಾಡಿನ ಹುಲಿಯೂ ಕ್ರೂರಿಯೆಂದೇ ಹೆಸರಾದದ್ದು, ಕೊನೆಗೆ ಮರುಕದಿಂದ ಕರಗುವಂಥದ್ದು. ಎಳೆಯ ಮಗುವೂ ಹುಲಿಗಾಗಿ ಅಳುತ್ತದೆ ಎನ್ನುವುದೇ ಆ ಹಾಡಿನ ಹಿರಿಮೆ. ಆದರೆ ಹುಲಿ ಸಾಯಬೇಕಾಗುತ್ತದೆ. ಹುಲಿಯಾಗಿದ್ದುಕೊಂಡೇ ಮರುಕವುಳ್ಳದ್ದಾಗಿ ಬಾಳಲು ಆ ಕಥೆಯ ಲೋಕದಲ್ಲಿ ಅದಕ್ಕೆ ಜಾಗವಿಲ್ಲ. ಫರ್ಡಿನೆಂಡ್ ಹೋರಿಯಾಗಿಯೇ ಉಳಿದು, ಹೂ ಮೂಸುತ್ತಲೇ ಬಾಳುತ್ತದೆ. ಎರಡರಲ್ಲಿ ಯಾವುದು ದೊಡ್ಡ ಕೃತಿ ಎಂದು ಕೇಳಿದರೆ ನಾನು ಗೋವಿನ ಹಾಡನ್ನೇ ಹೇಳುತ್ತೇನೆ. ಮೂರು ವರ್ಷದ ಮಗುವಿನ ಮಂಚದ ಪಕ್ಕ ಯಾವುದಿರಲಿ ಎಂದರೆ ಉತ್ತರ ಬೇರೆ.

ಅಮೆರಿಕದಲ್ಲಿ ಮಕ್ಕಳು ಬಣ್ಣ ನೋಡಿ ಅಳೆಯುವ ಪ್ರಶ್ನೆ ಪುಸ್ತಕದ ಅಂಗಡಿಯಿಂದ ನ್ಯಾಯಾಲಯದವರೆಗೆ ಹೋಯಿತು. ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಮೂರರಿಂದ ಏಳು ವರ್ಷದೊಳಗಿನ 253 ಕರಿಯ ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಬೇರೇನೂ ವ್ಯತ್ಯಾಸವಿಲ್ಲದ ಗೊಂಬೆಗಳನ್ನು ಇಟ್ಟರು. ಸುಮಾರು ಮೂರನೆಯ ಎರಡು ಪಾಲು ಮಕ್ಕಳು ಆಟಕ್ಕೆ ಬಿಳಿಯ ಗೊಂಬೆಯನ್ನೇ ಬಯಸಿದರು. ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು 1954ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಾಗ ಈ ಕೆಲಸವೂ ಅದರ ಉಲ್ಲೇಖಗಳಲ್ಲಿ ಸೇರಿತ್ತು. ಮೂರು ವರ್ಷದ ಮಗುವಿಗೆ ಬಣ್ಣಭೇದ ಎಲ್ಲಿ ಗೊತ್ತಾಗುತ್ತದೆ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಓದಲು ಬಾರದ ವಯಸ್ಸಿನಲ್ಲೇ ಮಗು ಮುಖಗಳನ್ನು ಓದಿ ಮುಗಿಸಿರುತ್ತದೆ ಎಂಬುದಕ್ಕೆ ಆ ಗೊಂಬೆಗಳು ಸಾಕು. ಇನ್ನು ದೊಡ್ಡವರ ಕಥೆ. 1958ರಲ್ಲಿ ಗಾರ್ತ್ ವಿಲಿಯಮ್ಸ್ ಎಂಬ ಕಲಾವಿದ ಒಂದು ಕರಿಯ ಮೊಲಕ್ಕೂ ಒಂದು ಬಿಳಿಯ ಮೊಲಕ್ಕೂ ಮದುವೆ ಮಾಡಿಸಿ ‘ದ ರ‍್ಯಾಬಿಟ್ಸ್ ವೆಡ್ಡಿಂಗ್’ ಬರೆದರು. ಮರುವರ್ಷ ಅಲಬಾಮಾ ರಾಜ್ಯದ ಶಾಸಕರೊಬ್ಬರು ಇದು ಬಿಳಿಯರು-ಕರಿಯರ ಮದುವೆಯ ಪ್ರಚಾರವೆಂದು ಗದ್ದಲವೆಬ್ಬಿಸಿ ಪುಸ್ತಕವನ್ನು ಸುಡಬೇಕೆಂದರು. ರಾಜ್ಯದ ಗ್ರಂಥಾಲಯ ಸೇವೆಯ ಮುಖ್ಯಸ್ಥೆ ಎಮಿಲಿ ರೀಡ್ ಬಗ್ಗಲಿಲ್ಲ. ಕೇಳಿದವರಿಗೆ ಮಾತ್ರ ಕೊಡುವ ಕಪಾಟಿಗೆ ಪುಸ್ತಕವನ್ನು ಸರಿಸಿದರು, ತೆಗೆದುಹಾಕಲಿಲ್ಲ. ಮೊಲಗಳ ಬಣ್ಣದಲ್ಲಿ ರಾಜಕೀಯವೇನೂ ಇಲ್ಲ, ಚಿತ್ರಕ್ಕೆ ಕಪ್ಪು-ಬಿಳುಪು ಒಪ್ಪುತ್ತದೆಂದು ಹಾಗೆ ಬರೆದೆ ಎಂದರು ವಿಲಿಯಮ್ಸ್. ನಾವು ನಂಬಬಹುದು.

1965ರಲ್ಲಿ ಅಮೆರಿಕದ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಒಂದು ಲೇಖನಕ್ಕಾಗಿ ಲೆಕ್ಕ ಹಾಕಿದರು. ಹಿಂದಿನ ಮೂರು ವರ್ಷಗಳಲ್ಲಿ 63 ಪ್ರಕಾಶಕರು ತಂದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬನಾದರೂ ಕರಿಯ ಮನುಷ್ಯನಿರುವಂಥವು 349, ಅಂದರೆ ಶೇ. 6.7. ಪುಸ್ತಕದಲ್ಲಿ ಇರುವವರು ಯಾವಾಗಲೂ ಬಿಳಿಯ ಮಕ್ಕಳೇ ಏಕೆ ಎಂದು ಐದು ವರ್ಷದ ಕರಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಆ ಲೇಖನ ಶುರುವಾಗುತ್ತದೆ. ಲ್ಯಾರಿಕ್ ಎಣಿಸಿದ ಅದೇ ವರ್ಷಗಳಲ್ಲಿ, 1962ರಲ್ಲಿ, ಎಜ್ರಾ ಜ್ಯಾಕ್ ಕೀಟ್ಸ್ ಅವರ ‘ದ ಸ್ನೋವಿ ಡೇ’ ಬಂದಿತ್ತು. ಕೀಟ್ಸ್ ಬ್ರೂಕ್ಲಿನ್ನಿನ ಬಡ ಯಹೂದಿ ವಲಸೆಗಾರರ ಮಗ. ಯಹೂದಿ ದ್ವೇಷದ ಕಾಲದಲ್ಲಿ ಕಾಟ್ಸ್ ಎಂಬ ಮನೆತನದ ಹೆಸರನ್ನು ಬದಲಿಸಿಕೊಂಡವರು. 1940ರ ಲೈಫ್ ಪತ್ರಿಕೆಯಲ್ಲಿ ಕಂಡ ಪುಟ್ಟ ಕರಿಯ ಹುಡುಗನ ಫೋಟೋಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೋಡುತ್ತಿದ್ದರು. ಆ ಹುಡುಗನೇ ಪೀಟರ್. ಕೆಂಪು ಉಣ್ಣೆಯ ಉಡುಪು ತೊಟ್ಟು ಹಿಮ ಬಿದ್ದ ಬೀದಿಗಿಳಿಯುತ್ತಾನೆ. ಕಾಲುಗಳನ್ನು ಒಳಕ್ಕೆ, ಹೊರಕ್ಕೆ ತಿರುಗಿಸಿ ಹೆಜ್ಜೆಗುರುತು ಮೂಡಿಸುತ್ತಾನೆ. ಕೋಲಿನಿಂದ ಮರ ಬಡಿದು ತಲೆಯ ಮೇಲೆ ಹಿಮ ಬೀಳಿಸಿಕೊಳ್ಳುತ್ತಾನೆ. ನಾಳೆಗಿರಲಿ ಎಂದು ಜೇಬಿನಲ್ಲಿ ಒಂದು ಹಿಮದುಂಡೆ ತುಂಬಿಕೊಂಡು ಮನೆಗೆ ಬರುತ್ತಾನೆ, ರಾತ್ರಿ ನೋಡಿದರೆ ಜೇಬು ಖಾಲಿ. ಇಷ್ಟೇ ಕಥೆ. ಕೀಟ್ಸ್ ಇದನ್ನು ಬಣ್ಣದ ಕಾಗದ, ಬಟ್ಟೆಯ ತುಂಡುಗಳನ್ನು ಕತ್ತರಿಸಿ ಅಂಟಿಸಿ ಮಾಡಿದರು. ಅಮ್ಮನ ಚೌಕಳಿ ಉಡುಪು ಅಡುಗೆಮನೆಯ ಕಪಾಟಿಗೆ ಹಾಸುವ ಮೇಣಬಟ್ಟೆ. ಹಿಮದ ಹರಳುಗಳು ರಬ್ಬರಿನಲ್ಲಿ ಕೆತ್ತಿದ ಅಚ್ಚು. ರಾತ್ರಿಯ ಗೋಡೆಯ ಚುಕ್ಕಿಗಳು ಹಲ್ಲುಜ್ಜುವ ಬ್ರಶ್ಶಿನಿಂದ ಚಿಮುಕಿಸಿದ ಮಸಿ. ಹಾಫ್‌ಮನ್ನರಲ್ಲಿ ಶಿಕ್ಷೆಯಾಗಿದ್ದ ಮಸಿಗೆ ಇಲ್ಲಿ ಬೇರೆ ಕೆಲಸ ಸಿಕ್ಕಿದೆ. 1963ರಲ್ಲಿ ಪುಸ್ತಕಕ್ಕೆ ಅಮೆರಿಕದ ಚಿತ್ರಪುಸ್ತಕಗಳಿಗೆ ಸಲ್ಲುವ ಕಾಲ್ಡೆಕಾಟ್ ಪದಕ ಬಂತು.

ಲ್ಯಾರಿಕ್ ಇದನ್ನೂ ಬಿಡಲಿಲ್ಲ. ಪೀಟರ್ ಕರಿಯನೆಂದು ಬರಹದಲ್ಲಿ ಒಂದು ಮಾತೂ ಇಲ್ಲವೆಂದರು. ಅಮ್ಮನ ದಢೂತಿ ದೇಹ, ಢಾಳಾದ ಹಳದಿ ಉಡುಪು ಹಳೆಯ ಮನೆಗೆಲಸದವಳ ಪಡಿಯಚ್ಚು ಎಂದು ಟೀಕಿಸಿದರು. ಆಮೇಲೆ ಬಂದ ವಿಮರ್ಶಕರು, ಇದು ಕಂದುಬಣ್ಣ ಬಳಿದ ಬಿಳಿಯ ಮಗು, ಕರಿಯರ ಬದುಕು ಇಲ್ಲಿಲ್ಲ, ಬರೆದವನೂ ಕರಿಯನಲ್ಲ ಎಂದರು. ಅಮ್ಮನ ಚಿತ್ರದ ಬಗೆಗಿನ ಟೀಕೆಯಲ್ಲಿ ಹುರುಳಿದೆ. ಚಿತ್ರವೇ ಮಾತಾಡುತ್ತದೆ ಎಂದು ವಾದಿಸುವವನು ಅದನ್ನು ಒಪ್ಪಲೇಬೇಕು. ಕರಿಯ ಲೇಖಕರು ತಮ್ಮ ಕಥೆಯನ್ನು ತಾವೇ ಹೇಳಬೇಕೆಂಬುದೂ ಸರಿಯೇ. ಎಲ್ಲವನ್ನೂ ಕೀಟ್ಸರಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಬಣ್ಣದ ಮಾತೆತ್ತಲಿಲ್ಲ ಎಂಬುದನ್ನು ನಾನು ದೋಷವೆನ್ನಲಾರೆ. ಅದೇ ಪುಸ್ತಕದ ಬಲ. ಪೀಟರನನ್ನು ಯಾರೂ ಆಡಿಕೊಳ್ಳುವುದಿಲ್ಲ, ಆದ್ದರಿಂದ ಯಾರೂ ಕಾಪಾಡಬೇಕಿಲ್ಲ. ಅವನು ತನ್ನ ಯೋಗ್ಯತೆಯನ್ನು ಸಾಬೀತು ಮಾಡಬೇಕಿಲ್ಲ. ಓದುವ ಮಗು ಅವನ ಮೇಲೆ ಕನಿಕರ ಪಡುವುದಿಲ್ಲ, ಅವನ ಜೊತೆ ಹಿಮದಲ್ಲಿ ಆಡುತ್ತದೆ. ಕನಿಕರದಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ, ಆಟದಲ್ಲಿ ಹಾಗಿಲ್ಲ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ತನ್ನ 125 ವರ್ಷಗಳ ಲೆಕ್ಕ ತೆಗೆದು 2020ರಲ್ಲಿ ಪ್ರಕಟಿಸಿದಾಗ ಅತಿ ಹೆಚ್ಚು ಸಲ ಎರವಲು ಹೋದ ಪುಸ್ತಕ ಇದೇ ಆಗಿತ್ತು: 4,85,583 ಸಲ.

ಬಾಯಿಬಿಟ್ಟು ಹೇಳಿದವುಗಳ ಪಾಡು ಬೇರೆ. ಹೊಟ್ಟೆಯ ಮೇಲೆ ನಕ್ಷತ್ರವಿದ್ದವರು ಇಲ್ಲದವರನ್ನು ಕೀಳಾಗಿ ಕಾಣುವ ‘ಸ್ನೀಚಸ್’ ಕಥೆಯನ್ನು ಅಮೆರಿಕದ ಲೇಖಕ-ಚಿತ್ರಕಾರ ಡಾ. ಸೂಸ್ 1961ರಲ್ಲಿ ಪುಸ್ತಕವಾಗಿ ತಂದರು. ಕಥೆ ಚುರುಕಾದದ್ದೇ. ಆದರೆ ಅದೇ ಕೈ ಯುದ್ಧಕಾಲದ ಪತ್ರಿಕೆಗೆ ಅಮೆರಿಕದ ಜಪಾನೀಯರನ್ನೆಲ್ಲ ಒಂದೇ ಅಚ್ಚಿನ ದ್ರೋಹಿಗಳಾಗಿ ಬರೆದಿತ್ತು. 2021ರಲ್ಲಿ ಅವರ ಆರು ಮಕ್ಕಳ ಪುಸ್ತಕಗಳನ್ನು, ಜನಾಂಗಗಳನ್ನು ವಿಕಾರವಾಗಿ ಚಿತ್ರಿಸಿವೆಯೆಂದು, ಹಕ್ಕುದಾರ ಸಂಸ್ಥೆಯೇ ಹಿಂತೆಗೆದುಕೊಂಡಿತು. ಮುಖದ ವೈಕಲ್ಯವಿರುವ ಹುಡುಗನ ಕಥೆ ಹೇಳುವ ಆರ್.ಜೆ. ಪಲಾಸಿಯೊ ಅವರ ‘ವಂಡರ್’ 2012ರ ಕಾದಂಬರಿ. 2017ರಲ್ಲಿ ಅದರ ಚಿತ್ರಪುಸ್ತಕ ಬಂತು. ಅದರಲ್ಲಿ ಹುಡುಗನ ಮುಖಕ್ಕೆ ಒಂದೇ ಕಣ್ಣು, ಮೂಗಿಲ್ಲ, ಬಾಯಿಲ್ಲ. ಅದು ಸಂಕೇತವೆನ್ನಬಹುದು. ನನಗೆ ಮಾತ್ರ, ಮುಖ ನೋಡಿ ಅಂಜಬೇಡ ಎನ್ನುವ ಪುಸ್ತಕವೇ ಮುಖ ತೋರಿಸಲು ಅಂಜಿದೆ ಎನಿಸುತ್ತದೆ.

ಈ ಅಂಜಿಕೆಗೆ ಹಳೆಯ ಮದ್ದು ಪ್ರಾಣಿ. ಬೂದು ಆನೆಗಳ ನಡುವಿನ ಬಣ್ಣಬಣ್ಣದ ಚೌಕಳಿಯ ಆನೆ ‘ಎಲ್ಮರ್’ 1968ರಲ್ಲಿ ಡೇವಿಡ್ ಮೆಕೀ ಅವರ ಕೈಯಿಂದ ಬಂತು. ಅವರ ಪತ್ನಿ ಆಂಗ್ಲೋ-ಇಂಡಿಯನ್. ಇಂಗ್ಲೆಂಡಿನ ಬೀದಿಯಲ್ಲಿ ಮಗಳ ಬಣ್ಣವನ್ನು ಯಾರೋ ಹುಡುಗ ಹೀಯಾಳಿಸಿದ್ದು ಆ ಕಥೆಯ ಬೀಜವೆಂದು ಮೆಕೀ ಹೇಳಿಕೊಂಡಿದ್ದಾರೆ. ಎಲ್ಮರ್ ನನಗೂ ಇಷ್ಟ. ಆದರೆ ಆನೆಯ ಬಣ್ಣದಿಂದ ಪಕ್ಕದ ಬೆಂಚಿನ ಹುಡುಗಿಯ ಬಣ್ಣಕ್ಕೆ ಮಗು ತಾನೇ ಸೇತುವೆ ಕಟ್ಟಿಕೊಳ್ಳುತ್ತದೆಯೇ? ಟೊರಾಂಟೊ ವಿಶ್ವವಿದ್ಯಾಲಯದವರು ಹಂಚಿಕೊಳ್ಳುವುದರ ಬಗೆಗಿನ ಒಂದೇ ಕಥೆಯನ್ನು ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಕೆಲವರಿಗೆ ಮನುಷ್ಯಪಾತ್ರಗಳೊಂದಿಗೆ, ಕೆಲವರಿಗೆ ಪ್ರಾಣಿಪಾತ್ರಗಳೊಂದಿಗೆ ಓದಿದರು. ಮನುಷ್ಯರ ಕಥೆ ಕೇಳಿದವರಷ್ಟೇ ತಮ್ಮ ಸ್ಟಿಕ್ಕರುಗಳನ್ನು ಮೊದಲಿಗಿಂತ ಹೆಚ್ಚು ಹಂಚಿದರು. ಒಂದು ಅಧ್ಯಯನದಿಂದ ಪಂಚತಂತ್ರವನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಪ್ರಾಣಿಯನ್ನು ಬರೆದರೆ ಮನುಷ್ಯರ ಮುಖ ಬರೆಯುವ ಹೊಣೆ ತಪ್ಪಿತು ಎಂಬ ಸಮಾಧಾನ ಮಾತ್ರ ಬೇಡ.

ಅಮೆರಿಕದ ಕರಿಯ-ಬಿಳಿಯರ ಲೆಕ್ಕ ನಮಗೇಕೆ ಎಂದು ಕೇಳುವವರಿದ್ದಾರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಿಂದ ತಂದ ‘ಅಮರ ಚಿತ್ರ ಕಥೆ’ಯನ್ನು ಮತ್ತೊಮ್ಮೆ ತಿರುವಿ ನೋಡಿದರೆ ಉತ್ತರ ಅಲ್ಲಿಯೇ ಇದೆ. ರಾಜಕುಮಾರಿ ಬೆಳ್ಳಗೆ, ತೆಳ್ಳಗೆ. ರಾಕ್ಷಸ ಕಪ್ಪಗೆ, ದಪ್ಪಗೆ, ಕೋರೆಹಲ್ಲು. ಪುರಾಣವನ್ನು ಎಷ್ಟೋ ಮನೆಗಳಿಗೆ ತಲುಪಿಸಿದ ಸಾಹಸ ಅದು, ಒಪ್ಪೋಣ. ರಕ್ಕಸರನ್ನು ಹಾಗೆ ಬರೆಯುವುದು ಯಕ್ಷಗಾನದ ಬಣ್ಣದ ವೇಷದಿಂದ ಬಂದ ಪರಂಪರೆಯಲ್ಲವೇ ಎಂಬ ಆಕ್ಷೇಪವೂ ಸಹಜ. ಆದರೆ ಬಣ್ಣದ ವೇಷ ಮನುಷ್ಯರ ಮುಖವನ್ನು ಹೋಲುವುದಿಲ್ಲ. ಅಕ್ಕಿಹಿಟ್ಟಿನ ಚುಟ್ಟಿ ಹೊತ್ತ ಆ ಮುಖ ಬೀದಿಯಲ್ಲಿ ಯಾರದೂ ಅಲ್ಲ. ಚಿತ್ರಕಥೆಯ ರಕ್ಕಸನ ಮೈಬಣ್ಣವಾದರೋ ಓದುವ ಮಗುವಿನದೇ ಆಗಿರಬಹುದು. ಇನ್ನೊಂದು ತೊಡಕು ನಮ್ಮದೇ. ಜಾತಿ ಮುಖದ ಮೇಲೆ ಬರೆದಿರುವುದಿಲ್ಲ. ಹೆಸರು, ಕೇರಿ, ಊಟದ ಡಬ್ಬಿಯಲ್ಲಿರುವುದು, ನೀರು ಕೊಡುವ ಲೋಟ ಇವುಗಳಿಂದ ಇಲ್ಲಿ ಮನುಷ್ಯನನ್ನು ಅಳೆಯುತ್ತಾರೆ. ಚರ್ಮದ ಬಣ್ಣವನ್ನಷ್ಟೇ ಬದಲಿಸಿದ ಚಿತ್ರಪುಸ್ತಕ ಇಲ್ಲಿ ಅರ್ಧ ಕೆಲಸವನ್ನೂ ಮಾಡದು. ಯಾರ ಮನೆಯ ಒಲೆ, ಯಾರ ಕಸುಬಿನ ಹತಾರ ಪುಟದಲ್ಲಿದೆ ಎಂಬುದೂ ಮುಖ್ಯ. ಕಂಚ ಐಲಯ್ಯ ಬರೆದು ದುರ್ಗಾಬಾಯಿ ವ್ಯಾಮ್ ಚಿತ್ರ ಬರೆದ, 2007ರಲ್ಲಿ ಬಂದ ಪುಸ್ತಕ ಕುಂಬಾರ, ಚಮ್ಮಾರ, ಅಗಸರ ಕೆಲಸವನ್ನು ವಿದ್ಯೆಯಾಗಿ ತೋರಿಸಿ ಆ ದಾರಿ ತೆರೆಯಿತು. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಕಡಿಮೆ ಬೆಲೆಗೆ ಕನ್ನಡದಲ್ಲೂ ತರುತ್ತಿರುವ ಪುಸ್ತಕಗಳಲ್ಲಿ ಊರಿನ ಸಾಮಾನ್ಯ ಮಕ್ಕಳ ಮುಖಗಳು ಕಾಣಸಿಗುತ್ತವೆ.

ಪುಸ್ತಕ ಓದಿಸಿದ ಮಾತ್ರಕ್ಕೆ ಮಗು ಒಳ್ಳೆಯದಾಗುತ್ತದೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ದೊಡ್ಡವರು ಆಡುವ ಮಾತಿನ ಮುಂದೆ ಯಾವ ಪುಸ್ತಕವೂ ನಿಲ್ಲದು. ಆದರೆ ಕೊಳ್ಳುವವರು ನಾವೇ ಆದ್ದರಿಂದ ಒಂದು ಕೋರಿಕೆ. ಮುಂದಿನ ಸಲ ಪುಸ್ತಕದ ಅಂಗಡಿಯಲ್ಲಿ ಬೆನ್ನುರಟ್ಟಿನ ನೀತಿವಾಕ್ಯ ಓದಬೇಡಿ. ಅಕ್ಷರಗಳ ಮೇಲೆ ಅಂಗೈ ಮುಚ್ಚಿ ಚಿತ್ರಗಳನ್ನಷ್ಟೇ ಮೊದಲಿನಿಂದ ಕೊನೆಯವರೆಗೆ ನೋಡಿ: ಯಾರು ನಗುತ್ತಿದ್ದಾರೆ, ಯಾರನ್ನು ನೋಡಿ ನಗುತ್ತಿದ್ದಾರೆ, ಯಾರಿಗೆ ಹೆಸರಿಲ್ಲ, ಕೆಟ್ಟವನ ಬಣ್ಣ ಯಾವುದು. ಓದಲು ಬಾರದ ಮಗು ಆ ಪುಸ್ತಕವನ್ನು ನೋಡುವುದು ಹಾಗೆಯೇ.